ಪುಟ್ಟ ಮಾದರಿ ರೈಲುಮಾರ್ಗದಲ್ಲಿ ಎಸ್ ಆಕಾರದ ತಿರುವನ್ನು ನಿವಾರಿಸಿದ ಬಗೆ

120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಹಲಗೆಯ ಮೇಲೆ ಎನ್ ಸ್ಕೇಲಿನ (1:160, ಅಂದರೆ ನಿಜಗಾತ್ರದ 160ನೇ ಒಂದು ಭಾಗ) ಅಂಡಾಕಾರದ ಮಾರ್ಗವನ್ನೂ ಅದರೊಳಗೊಂದು ಸೈಡಿಂಗನ್ನೂ (ಬೋಗಿಗಳನ್ನು ನಿಲ್ಲಿಸುವ ಪಕ್ಕದ ಹಳಿ) ಯೋಜಿಸಿದ್ದೆ. ತಿರುವುಗಳಿಗೆ 25 ಸೆಂ.ಮೀ. ತ್ರಿಜ್ಯವಿಟ್ಟು ಹಳಿಗಳನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡಿದಾಗ, ಸೈಡಿಂಗಿನೊಳಗೆ ಹಿಮ್ಮುಖವಾಗಿ ತಳ್ಳಿದ ಉದ್ದದ ಬೋಗಿಗಳು ಮತ್ತೆ ಮತ್ತೆ ಹಳಿ ತಪ್ಪುತ್ತಿದ್ದವು.

ಎರಡು ಬೋಗಿಗಳನ್ನು ಕೈಯಿಂದಲೇ ನಿಧಾನವಾಗಿ ತಳ್ಳುತ್ತಾ ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಗಮನಿಸಿದೆ. ಪಾಯಿಂಟ್ (ಹಳಿ ಕವಲೊಡೆಯುವ ಜೋಡಣೆ) ಬಲಕ್ಕೆ ಒಯ್ದ ಹಳಿಯನ್ನು ಮುಖ್ಯಮಾರ್ಗಕ್ಕೆ ಸಮಾನಾಂತರಗೊಳಿಸಲು ಒಡನೆಯೇ ಎಡಕ್ಕೆ ತಿರುಗಿಸಿದ್ದ ಜಾಗದಲ್ಲಿ, ಒಂದು ಬೋಗಿಯ ತುದಿ ಒಂದು ಕಡೆಗೂ ಮತ್ತೊಂದರ ತುದಿ ವಿರುದ್ಧ ಕಡೆಗೂ ವಾಲುತ್ತಿದ್ದುದರಿಂದ, ಕೊಂಡಿ ಅಡ್ಡಲಾಗಿ ಒತ್ತಿ ಚಕ್ರದ ಅಂಚು ಹಳಿಯ ಮೇಲೇರುತ್ತಿತ್ತು.

ಇಂಥ ಎಸ್ ಆಕಾರದ ಜಾಗದಲ್ಲಿ ಎರಡು ತಿರುವುಗಳ ನಡುವೆ ಅತಿ ಉದ್ದದ ಬೋಗಿಯಷ್ಟಾದರೂ ನೇರ ಹಳಿ ಬೇಕು. 24 ಮೀಟರ್ ಬೋಗಿಗೆ ಈ ಸ್ಕೇಲಿನಲ್ಲಿ ಅದು 15 ಸೆಂ.ಮೀ. ಆದರೆ ಅಷ್ಟನ್ನು ಸೇರಿಸಿದರೆ ಸೈಡಿಂಗಿನ ಉಪಯುಕ್ತ ಉದ್ದವೇ ಕುಗ್ಗುತ್ತಿತ್ತು. ಆದ್ದರಿಂದ ಎರಡನೆಯ ತಿರುವನ್ನೇ ತೆಗೆದುಹಾಕಿ, ಪಾಯಿಂಟಿನ ಕೋನದಲ್ಲೇ ಸೈಡಿಂಗನ್ನು ಓರೆಯಾಗಿ ಒಳಕ್ಕೆ ಎಳೆದೆ. ಪಾಯಿಂಟ್ ಅಂಡಾಕಾರದ ತಿರುವಿನ ದಿಕ್ಕಿಗೇ ಕವಲೊಡೆಯುವುದರಿಂದ ಆ ಬದಿಯಲ್ಲೂ ಎಸ್ ಉಂಟಾಗುವುದಿಲ್ಲ.

ಈಗ ಅವೇ ಬೋಗಿಗಳು ಹಿಮ್ಮುಖವಾಗಿಯೂ ಸರಾಗವಾಗಿ ಸಾಗುತ್ತವೆ. ಹಲಗೆಯ ಅಂಚಿಗೆ ಸಮಾನಾಂತರವಲ್ಲದ ಹಳಿ ನೋಟಕ್ಕೂ ಹೆಚ್ಚು ಸಹಜವೆಂಬುದು ನನ್ನ ಅಭಿಪ್ರಾಯ.