ಕಾಲೇಜಿಗೆ ಮೊದಲು ಒಂದು ಅರ್ಜಿ: ವಿಶೇಷಚೇತನ ವಿದ್ಯಾರ್ಥಿಗಳ ತಯಾರಿ ಹೇಗೆ?

ಪಿಯುಸಿ ಪಾಸಾಯ್ತು, ಇನ್ನು ಮಡಿಕೇರಿಯೋ ವಿರಾಜಪೇಟೆಯೋ ಗೋಣಿಕೊಪ್ಪವೋ, ಎಲ್ಲೋ ಒಂದು ಕಡೆ ಡಿಗ್ರಿ. ಶಾಲೆಯಲ್ಲಿ ಮೇಷ್ಟ್ರೇ ನೆನಪಿಟ್ಟು ಎಲ್ಲಾ ಮಾಡಿಸುತ್ತಿದ್ದರು. ಕಾಲೇಜಿನಲ್ಲಿ ಯಾರೂ ತಾವಾಗಿ ಬಂದು ವಿಚಾರಿಸುವುದು ಕಮ್ಮಿ. ನಾವೇ ಕೇಳಬೇಕು, ಅದೂ ಬರವಣಿಗೆಯಲ್ಲಿ.

ಮೊದಲು ಯುಡಿಐಡಿ ಕಾರ್ಡ್, ಅಂದರೆ ವಿಶೇಷಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಅರ್ಜಿ ಆನ್‌ಲೈನ್, ತಪಾಸಣೆ ಆಸ್ಪತ್ರೆಯಲ್ಲಿ. ಗೊತ್ತಾಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಅವರಿರುವುದೇ ಇದಕ್ಕೆ. ವೈಕಲ್ಯ ಶೇ 40 ಅಥವಾ ಜಾಸ್ತಿ ಇದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ವಿದ್ಯಾರ್ಥಿವೇತನಕ್ಕೂ ಇದೇ ಕಾರ್ಡ್ ಬೇಕು.

ಆಮೇಲೆ ಕಾಲೇಜು ನೋಡಿಕೊಂಡು ಬನ್ನಿ. ಬಿಸಿಲಲ್ಲಿ ಅಲ್ಲ, ಮಳೆ ದಿನ. ನಮ್ಮಲ್ಲಿ ತರಗತಿ ಶುರುವಾಗುವ ಹೊತ್ತಿಗೆ ಮುಂಗಾರು ಜೋರಾಗಿರುತ್ತದೆ, ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಜಾರಿತು ಅಂತಲೇ ಲೆಕ್ಕ. ರಬ್ಬರ್ ಹೊಸದು ಹಾಕಿಸಿ. ‘ರ‍್ಯಾಂಪ್ ಇದೆ’ ಅಂತ ಫೋನಿನಲ್ಲಿ ಹೇಳಿದರೆ ನಂಬಬೇಡಿ. ಅದು ಆಫೀಸಿಗೆ ಮಾತ್ರ ಇದ್ದು ಲ್ಯಾಬ್ ಮೇಲಿನ ಮಹಡಿಯಲ್ಲಿದ್ದರೆ ಏನು ಪ್ರಯೋಜನ, ಅಲ್ವಾ? ಗಾಲಿಕುರ್ಚಿ ಶೌಚಾಲಯದ ಬಾಗಿಲು ದಾಟುತ್ತದಾ ಅಂತ ದಾಟಿಸಿಯೇ ನೋಡಿ.

ಇನ್ನು ಅರ್ಜಿ. ತರಗತಿ ಶುರುವಾಗುವ ಮೊದಲೇ ಪ್ರಾಂಶುಪಾಲರಿಗೆ ಕೊಡಿ. ‘ಸಹಕರಿಸಬೇಕಾಗಿ ವಿನಂತಿ’ ಅಂತ ಬರೆದರೆ ಸಾಲದು. ತರಗತಿ ಕೆಳಮಹಡಿಯಲ್ಲಿ ಬೇಕು, ಮುಂದಿನ ಬೆಂಚು ಬೇಕು, ನೋಟ್ಸ್ ಮೊಬೈಲಿಗೆ ಕಳಿಸಬೇಕು, ಹೀಗೆ ಒಂದೊಂದಾಗಿ ಬರೆಯಿರಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಪ್ಪ ಅಮ್ಮ ಜೊತೆಗಿರಲಿ, ಆದರೆ ಮಾತಾಡುವುದು ವಿದ್ಯಾರ್ಥಿಯೇ ಆಗಬೇಕು. ಮೂರು ವರ್ಷವೂ ಅಪ್ಪ ಬಂದು ಕೇಳೋಕಾಗಲ್ಲ.

ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳಲು ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಎರಡೂ ಉಚಿತ. ಕಿವಿ ಕೇಳದವರಿಗೆ ಲೈವ್ ಟ್ರಾನ್ಸ್‌ಕ್ರೈಬ್ ಅನ್ನುವ ಆ್ಯಪ್ ಪಾಠವನ್ನು ಕನ್ನಡದಲ್ಲೇ ಅಕ್ಷರವಾಗಿ ತೋರಿಸುತ್ತದೆ, ಸ್ವಲ್ಪ ತಪ್ಪು ಬರುತ್ತದೆ ಅಷ್ಟೇ. ಇವನ್ನೆಲ್ಲ ರಜೆಯಲ್ಲೇ ಕಲಿತುಬಿಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ, ಹಾಗಾಗಿ ಪಠ್ಯವನ್ನು ಮೊದಲೇ ಡೌನ್‌ಲೋಡ್ ಮಾಡಿಡಿ. ಶ್ರವಣಸಾಧನಕ್ಕೆ ನಮ್ಮ ಥಂಡಿ ಆಗಿಬರುವುದಿಲ್ಲ. ರಾತ್ರಿ ಬ್ಯಾಟರಿ ತೆಗೆದು, ಹೊಸ ಶೂ ಡಬ್ಬಿಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ.

ಪರೀಕ್ಷೆಗೆ ಲಿಪಿಕಾರರು, ಅಂದರೆ ನೀವು ಹೇಳಿದ್ದನ್ನು ಬರೆಯುವವರು, ಬೇಕಾದರೆ ಆ ಅರ್ಜಿ ಬೇರೆ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ 3 ಗಂಟೆಯ ಪರೀಕ್ಷೆಗೆ 4 ಗಂಟೆ. ಬರೆಯುವವರ ಜೊತೆ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮನೆಯಲ್ಲೇ ಅಭ್ಯಾಸ ಮಾಡಿ. ಉತ್ತರ ಗೊತ್ತಿರುವುದು ಬೇರೆ, ಅದನ್ನು ನಿಧಾನವಾಗಿ ಹೇಳಿ ಬರೆಸುವುದು ಬೇರೆ. ದಾರಿಗೆ ಮರ ಬಿದ್ದು ಅವರು ಬರಲಾಗದಿದ್ದರೆ ಅಂತ ಇನ್ನೊಬ್ಬರನ್ನೂ ಒಪ್ಪಿಸಿಟ್ಟುಕೊಂಡು, ಅವರ ಹೆಸರನ್ನೂ ಕಾಲೇಜಿಗೆ ಮೊದಲೇ ತಿಳಿಸಿ.