ಬಿಯರಿಗೊಂದು ಫ್ರಿಜ್: ಲೀಟರ್ ಬಿಡಿ, ಟೇಪ್ ಹಿಡಿಯಿರಿ

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿಸಿಕೊಂಡ ಗೆಳೆಯರೊಬ್ಬರು ಸೆಕೆಂಡ್‌ಹ್ಯಾಂಡ್ ಫ್ರಿಜ್ ತಂದರು. ಇನ್ನೂರು ಚಿಲ್ಲರೆ ಲೀಟರಿನದು. ‘ಬಿಯರ್ ಹುದುಗಿಸುವ ಮೂವತ್ತು ಲೀಟರಿನ ಬಕೆಟ್ ಆರು ಹಿಡಿಯುತ್ತೆ’ ಅಂತ ಲೆಕ್ಕ ಹಾಕಿದ್ದರು. ಮನೆಗೆ ತಂದು ನೋಡಿದರೆ ಒಂದೂ ಹಿಡಿಯಲಿಲ್ಲ. ಬಕೆಟ್ ಒಳಗೇನೋ ಹೋಯಿತು, ಬಾಗಿಲು ಮಾತ್ರ ನಾಲ್ಕು ಬೆರಳು ತೆರೆದೇ ಉಳಿಯಿತು. ಹಗ್ಗ ಕಟ್ಟಿ ಎಳೆದರು. ಕಂಪ್ರೆಸರ್ ಹಗಲೂ ರಾತ್ರಿ ಓಡಿತು. ಬಿಯರ್ ಬಾಳೆಹಣ್ಣಿನ ವಾಸನೆ ಹೊಡೆಯಿತು.

ಆಮೇಲೆ ಇದೇ ತಪ್ಪನ್ನು ಇನ್ನೂ ಮೂವರು ಮಾಡಿದ್ದನ್ನು ನೋಡಿದೆ. ಅದಕ್ಕೇ ಈ ಬರಹ.

ಫ್ರಿಜ್ ಯಾಕೆ ಬೇಕು? ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಹುದುಗು ಜೋರಾಗಿದ್ದಾಗ ಬಕೆಟ್ಟಿನೊಳಗೆ ಕೋಣೆಗಿಂತ 3ರಿಂದ 5 ಡಿಗ್ರಿ ಜಾಸ್ತಿಯೇ ಇರಬಹುದು. ಬೆಚ್ಚಗೆ ಹುದುಗುವ ಸಾಮಾನ್ಯ ಏಲ್ ಬಿಯರ್‌ಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ, ತಣ್ಣಗೆ ಹುದುಗುವ ಲಾಗರ್‌ಗೆ 10ರಿಂದ 12. ಅದನ್ನು ತುಂಬಾ ದಾಟಿದರೆ ಹಣ್ಣಿನ ವಾಸನೆ, ಆಮೇಲೆ ಥಿನ್ನರ್‌ನಂಥ ಘಾಟು.

ಹಂತ 1: ಯಾವ ಕೆಲಸಕ್ಕೆ ಅಂತ ತೀರ್ಮಾನಿಸಿ

ಹುದುಗಿಸಲಿಕ್ಕೋ, ತಯಾರಾದ ಬಿಯರನ್ನು ತಣ್ಣಗೆ ಇಡಲಿಕ್ಕೋ? ಒಂದು 18 ಡಿಗ್ರಿ ಕೇಳುತ್ತದೆ, ಇನ್ನೊಂದು 4. ಒಂದೇ ಪೆಟ್ಟಿಗೆಯಲ್ಲಿ ಎರಡೂ ಆಗದು. ಲಾಗರ್ ಮಾಡುವವರು ಇನ್ನೊಂದು ಮಾತು ನೆನಪಿಡಿ: ಹುದುಗು ಮುಗಿದ ಮೇಲೂ ಅದು ಸೊನ್ನೆಯ ಆಸುಪಾಸಿನಲ್ಲಿ ವಾರಗಟ್ಟಲೆ ಮಲಗಬೇಕು. ಅಷ್ಟು ದಿನ ಫ್ರಿಜ್ ಬೇರೆ ಯಾವುದಕ್ಕೂ ಸಿಗುವುದಿಲ್ಲ.

ಹಂತ 2: ಫ್ರಿಜ್ಜೋ ಫ್ರೀಜರೋ

ಒಬ್ಬರೇ ಕೆಲಸ ಮಾಡುವವರಾದರೆ ನನ್ನ ಮಾತು ಕೇಳಿ: ನಿಂತ ಫ್ರಿಜ್ ತಗೊಳ್ಳಿ. ಒಂಟಿ ಬಾಗಿಲು, ಒಳಗೆ ತಿರುಗಿಸುವ ಗುಂಡಿ, ಅಷ್ಟು ಸಾಕು. ಡಿಸ್‌ಪ್ಲೇ, ಮೊಬೈಲ್ ಆ್ಯಪ್ ಎಲ್ಲ ಬೇಡ. ನಾವು ಹೊರಗಿನ ಕಂಟ್ರೋಲರ್ (ಬಿಸಿ ಅಳೆದು ಕರೆಂಟ್ ಹಾಕಿ ಆರಿಸುವ ಡಬ್ಬಿ) ಇಟ್ಟು ಕರೆಂಟನ್ನೇ ಕೊಟ್ಟು ಕಿತ್ತು ಮಾಡುತ್ತೇವೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಕೆಲವು ಫ್ರಿಜ್‌ಗಳು ಕರೆಂಟ್ ಬಂದ ಮೇಲೂ ಯಾರಾದರೂ ಬಟನ್ ಒತ್ತಲಿ ಅಂತ ಕಾದು ಕೂರುತ್ತವೆ. ಕೊಳ್ಳುವ ಮುಂಚೆ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಏನೂ ಮುಟ್ಟದೆ ತಾನಾಗಿ ತಣಿಸಲು ಶುರು ಮಾಡಿದರೆ ಸರಿ.

ಮೇಲಕ್ಕೆ ಮುಚ್ಚಳ ತೆರೆಯುವ ಚೆಸ್ಟ್ ಫ್ರೀಜರ್ ಕೆಟ್ಟದ್ದೇನಲ್ಲ. ಗೋಡೆ ದಪ್ಪ, ಮುಚ್ಚಳ ತೆಗೆದರೂ ತಂಪು ಚೆಲ್ಲಿ ಹೋಗುವುದಿಲ್ಲ. ನಾಲ್ಕೈದು ಕೆಗ್ (ತಯಾರಾದ ಬಿಯರ್ ತುಂಬುವ ಉಕ್ಕಿನ ಪೀಪಾಯಿ) ತಣ್ಣಗಿಡಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹುದುಗಿಸಲು ಮಾತ್ರ ಸೊಂಟ ಗಟ್ಟಿ ಇರಬೇಕು. ನೊರೆಗೆ ಜಾಗ ಬಿಟ್ಟು ತುಂಬಿದರೂ ಬಕೆಟ್ 25 ಕಿಲೋ ಹತ್ತಿರ ತೂಗುತ್ತದೆ. ಅದನ್ನು ಸೊಂಟದೆತ್ತರಕ್ಕೆ ಎತ್ತಿ, ಬಗ್ಗಿ, ತಳಕ್ಕೆ ಇಳಿಸಬೇಕು. ಖಾಲಿ ಬಕೆಟ್ ಇಟ್ಟು ಪೈಪಿನಲ್ಲಿ ತುಂಬಬಹುದು ನಿಜ. ಆದರೆ ತೆಗೆಯುವುದು ಹೇಗೆ? ಸೈಫನ್ ಪೈಪಿನಲ್ಲಿ ಬಿಯರ್ ತಾನಾಗಿ ಇಳಿಯಬೇಕಾದರೆ ಕೆಳಗೆ ಇನ್ನೊಂದು ಪಾತ್ರೆ ಬೇಕು. ಫ್ರೀಜರ್ ತಳಕ್ಕಿಂತ ಕೆಳಗೆ ಎಲ್ಲಿದೆ ಜಾಗ? ಕೊನೆಗೆ ಎತ್ತಲೇಬೇಕು. ಎತ್ತಿದರೆ ತಳದಲ್ಲಿ ಕೂತ ಯೀಸ್ಟೆಲ್ಲ ಕದಡುತ್ತದೆ.

ನಿಂತ ಫ್ರೀಜರ್‌ನ ಹತ್ತಿರ ಹೋಗಲೇಬೇಡಿ. ಬಹಳಷ್ಟರಲ್ಲಿ ಗ್ಯಾಸ್ ಹರಿಯುವ ಕೊಳವೆಯೇ ಶೆಲ್ಫ್. ಬಕೆಟ್ಟಿಗೆ ಜಾಗ ಮಾಡೋಣ ಅಂತ ಗರಗಸ ಇಟ್ಟಿರೋ, ಫ್ರೀಜರ್ ಕಥೆ ಮುಗಿಯಿತು. ಸದ್ದೇ ಮಾಡದ ಪುಟ್ಟ ಮಿನಿಬಾರ್ ಫ್ರಿಜ್‌ಗಳೂ ಬೇಡ. ಅವುಗಳಲ್ಲಿ ಎಷ್ಟಕ್ಕೋ ಕಂಪ್ರೆಸರೇ ಇರುವುದಿಲ್ಲ. 20 ಲೀಟರ್ ಹುದುಗಿನ ಬಿಸಿ ತಡೆಯುವ ತಾಕತ್ತು ಅವಕ್ಕಿಲ್ಲ.

ಹಂತ 3: ಅಳತೆ

ಎಲ್ಲರೂ ಎಡವುವುದು ಇಲ್ಲೇ. ಸ್ಟಿಕರ್ ಮೇಲಿನ ಲೀಟರ್ ಲೆಕ್ಕದಲ್ಲಿ ಐಸ್ ಪೆಟ್ಟಿಗೆ, ತರಕಾರಿ ಟ್ರೇ, ಬಾಗಿಲಿನ ಬಾಟಲಿ ಜಾಗ ಎಲ್ಲ ಸೇರಿರುತ್ತದೆ. ನಿಮಗೆ ಬೇಕಾದದ್ದು ಒಂದು ಸಮತಟ್ಟು ನೆಲ, ಅದರ ಮೇಲೆ ಒಂದೇ ಎತ್ತರ.

ಮೊದಲು ಶೆಲ್ಫ್, ಟ್ರೇ ಎಲ್ಲ ಹೊರಗೆ ತೆಗೆಸಿ. ಒಳಗೆ ತಲೆ ಹಾಕಿ ಹಿಂಬದಿಯ ತಳ ನೋಡಿ. ಅಲ್ಲೊಂದು ಮೆಟ್ಟಿಲಿನಂಥ ಉಬ್ಬು ಇರುತ್ತದೆ, ಅದರ ಹಿಂದೆಯೇ ಕಂಪ್ರೆಸರ್. ಬಕೆಟ್ ಕೂರುವುದು ಆ ಉಬ್ಬಿನ ಮುಂದೆ. ಹಾಗಾಗಿ ಹಿಂಗೋಡೆಯಿಂದ ಅಳೆಯಬೇಡಿ, ಉಬ್ಬಿನಿಂದ ಅಳೆಯಿರಿ. ಎಲ್ಲಿಯವರೆಗೆ? ಬಾಗಿಲಿನವರೆಗೆ ಅಲ್ಲ. ಬಾಗಿಲಿನ ಒಳಮೈಯಲ್ಲಿ ಬಾಟಲಿ ಇಡಲು ಅಚ್ಚು ಹಾಕಿದ ಪ್ಲಾಸ್ಟಿಕ್ ಮುಂದಕ್ಕೆ ಚಾಚಿರುತ್ತದೆ. ಬಾಗಿಲು ಮುಚ್ಚಿದಾಗ ಅದು ಒಳಗೆ ನುಗ್ಗುತ್ತದೆ. ಟೇಪಿಗೆ ಇದು ಸಿಗುವುದಿಲ್ಲ, ಯಾಕೆಂದರೆ ಬಾಗಿಲು ಮುಚ್ಚಿದ ಮೇಲೆ ನಿಮ್ಮ ಕೈ ಹೊರಗಿರುತ್ತದೆ!

ಅದಕ್ಕೆ ರಟ್ಟಿನ ಬಕೆಟ್ ಮಾಡಿಕೊಂಡು ಹೋಗಿ. ನಿಮ್ಮ ಬಕೆಟ್ಟಿನ ಅತಿ ಅಗಲದ ಜಾಗ ಅಳೆಯಿರಿ, ಹಿಡಿಕೆ, ಮುಚ್ಚಳದ ಅಂಚು, ನಲ್ಲಿ ಎಲ್ಲ ಸೇರಿಸಿ. ಆ ಅಗಲಕ್ಕೆ ರಟ್ಟನ್ನು ಸುತ್ತಿ ಟೇಪ್ ಹಾಕಿ. ಎತ್ತರಕ್ಕೆ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಪುಟ್ಟ ಕೊಳವೆ) ಸೇರಿಸುವುದನ್ನು ಮರೆಯಬೇಡಿ, ಅದು ಮುಚ್ಚಳದ ಮೇಲೆ ಸುಮಾರು 10 ಸೆಂ.ಮೀ. ನಿಲ್ಲುತ್ತದೆ. ಬಕೆಟ್ಟನ್ನು ಸ್ವಲ್ಪ ಎತ್ತಿ ಹೊರಗೆ ಎಳೆಯಲು ಮೇಲೆ ಇನ್ನೆರಡು ಬೆರಳು ಜಾಗ ಬೇಕು. ರಟ್ಟನ್ನು ಒಳಗಿಟ್ಟು ಬಾಗಿಲು ಮುಚ್ಚಿ ಕೈ ಬಿಡಿ. ರಬ್ಬರು ತಾನಾಗಿ ಕಚ್ಚಿಕೊಂಡರೆ ಆಯಿತು. ನೀವು ಒತ್ತಬೇಕಾಗಿ ಬಂತೋ, ಆ ಫ್ರಿಜ್ ನಿಮ್ಮದಲ್ಲ. ಮಾರುವವರು ನಗಬಹುದು, ನಗಲಿ ಬಿಡಿ.

ಕೆಗ್ ಇಡುವವರಿಗೆ: 19 ಲೀಟರಿನ ಮಾಮೂಲಿ ಕೆಗ್ಗು ಸುಮಾರು 22 ಸೆಂ.ಮೀ. ಅಗಲ, 65 ಸೆಂ.ಮೀ. ಎತ್ತರ. ತಲೆಯ ಮೇಲೆ ಪೈಪ್ ಬಗ್ಗಲೂ ಜಾಗ ಬಿಡಿ.

ಉಬ್ಬು ತೀರಾ ಅಡ್ಡ ಬಂದರೆ, ಅದರ ಎತ್ತರಕ್ಕೆ ಸರಿಯಾಗಿ ಕಾಲು ಕೊಟ್ಟು ದಪ್ಪ ಪ್ಲೈವುಡ್ ಹಾಸಬಹುದು. ಅಷ್ಟು ಎತ್ತರ ಕಳೆದುಕೊಳ್ಳುತ್ತೀರಿ, ಪೂರ್ತಿ ಆಳ ಸಿಗುತ್ತದೆ. ಉಬ್ಬು ಅಡ್ಡ ಬರದಿದ್ದರೂ ತಳಕ್ಕೊಂದು ಹಲಗೆ ಇರಲಿ. ಆ ತೆಳು ಪ್ಲಾಸ್ಟಿಕ್ ನೆಲ 25 ಕಿಲೋ ಹೊರಲು ಮಾಡಿದ್ದಲ್ಲ. ಟ್ರೇ ಮೇಲಿನ ಗಾಜಂತೂ ಅಲ್ಲವೇ ಅಲ್ಲ.

ಹಂತ 4: ಹಳೆಯದಾದರೆ ಪರೀಕ್ಷೆ

ಬಾಗಿಲ ಸಂದಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸುತ್ತಲೂ ನಾಲ್ಕೈದು ಕಡೆ. ಸುಮ್ನೆ ಜಾರಿ ಬಂದರೆ ರಬ್ಬರು ಹೋಗಿದೆ. ಮಲಗಿಸಿ ಸಾಗಿಸಿದ್ದರೆ ಒಂದು ದಿನ ನಿಲ್ಲಿಸಿ ಆಮೇಲೆ ಪ್ಲಗ್ ಹಾಕಿ, ಎಣ್ಣೆ ಕಂಪ್ರೆಸರಿಗೆ ವಾಪಸ್ ಇಳಿಯಬೇಕು. ಪಕ್ಕದ ಗೋಡೆಗೆ ಡ್ರಿಲ್ ಹಾಕಬೇಡಿ, ಒಳಗೆ ಗ್ಯಾಸ್ ಕೊಳವೆ ಇರಬಹುದು.

ಹಂತ 5: ಕಂಟ್ರೋಲರ್

ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟ್ 18 ಡಿಗ್ರಿಗೆ ನಿಲ್ಲುವುದಿಲ್ಲ. ಅದನ್ನು ಅತಿ ತಂಪಿಗೆ ತಿರುಗಿಸಿ ಮರೆತುಬಿಡಿ. ಎರಡು ಸಾಕೆಟ್ಟಿನ ಕಂಟ್ರೋಲರ್ ತನ್ನಿ, ಒಂದು ತಂಪಿಗೆ, ಇನ್ನೊಂದು ಬಿಸಿಗೆ. ಬಿಸಿಯ ಕಡೆಗೆ ಬಕೆಟ್ಟಿಗೆ ಸುತ್ತುವ ಹೀಟ್ ಬೆಲ್ಟ್ ಸಾಕು.

ಸೆನ್ಸರನ್ನು ಗಾಳಿಯಲ್ಲಿ ನೇತುಬಿಡುವುದು ಎರಡನೇ ದೊಡ್ಡ ತಪ್ಪು. ಗಾಳಿ ಗಳಿಗೆಯಲ್ಲಿ ತಣಿಯುತ್ತದೆ, ಗಳಿಗೆಯಲ್ಲಿ ಕಾಯುತ್ತದೆ. ಕಂಪ್ರೆಸರ್ ಹೊತ್ತಿ ಆರಿ ಸುಸ್ತಾಗುತ್ತದೆ, ಬಕೆಟ್ಟಿನೊಳಗೆ ಏನಾಗುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಿಯರಿನ ಅರ್ಧ ಎತ್ತರದಲ್ಲಿ, ಬಕೆಟ್ಟಿನ ಹೊರಮೈಗೆ ಸೆನ್ಸರ್ ಒತ್ತಿ, ಮೇಲೆ ಅಂಗೈಯಗಲದ ಸ್ಪಂಜು ಇಟ್ಟು ಬಿಗಿಯಾಗಿ ಟೇಪ್ ಸುತ್ತಿ. ಬಿಸಿ ಎಷ್ಟು ಏರುಪೇರಾದರೆ ಕಂಟ್ರೋಲರ್ ಕೆಲಸ ಶುರು ಮಾಡಬೇಕು ಅನ್ನುವ ಅಂತರ 0.5ರಿಂದ 1 ಡಿಗ್ರಿ, ಕಂಪ್ರೆಸರ್ ಮತ್ತೆ ಹೊತ್ತುವ ಮುನ್ನ 5 ನಿಮಿಷ ಬಿಡುವು ಇಡಿ.

ಹಂತ 6: ಗ್ಯಾಸು, ಪಸೆ

20 ಲೀಟರ್ ಬಿಯರ್ ಹುದುಗಿ ಮುಗಿಯುವಷ್ಟರಲ್ಲಿ ಸುಮಾರು 400 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರ ಅದು. ಚೆಸ್ಟ್ ಫ್ರೀಜರಿನಲ್ಲಿ ತೊಟ್ಟಿಯ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಮುಚ್ಚಳ ತೆಗೆದ ಕೂಡಲೇ ತಲೆ ಒಳಗೆ ಹಾಕಬೇಡಿ. ಕೋಣೆಯ ಕಿಟಕಿ ತೆರೆದಿರಲಿ, ಸಣ್ಣ ಫ್ಯಾನ್ ಹಿಡಿದು ಹೊರಗೆ ಹಾರಿಸಿ, ಆಮೇಲೆ ಬಗ್ಗಿ. ಪಸೆಗೆ ಸಿಲಿಕಾ ಜೆಲ್ ಇಡಿ, ಗೋಡೆ ಒರೆಸುತ್ತಿರಿ. ಇಲ್ಲದಿದ್ದರೆ ಬೂಷ್ಟು.

ಹಗ್ಗ ಕಟ್ಟಿದ ಗೆಳೆಯರ ಫ್ರಿಜ್ ಈಗಲೂ ಓಡುತ್ತಿದೆ. ಬಾಗಿಲಿನ ಒಳಗಿನ ಆ ಅಚ್ಚಿನ ಪ್ಲಾಸ್ಟಿಕ್ ಬಿಚ್ಚಿ, ಸಪಾಟು ಹಾಳೆ ಹಾಕಿದೆವು. ಏಳು ಸೆಂ.ಮೀ. ಜಾಗ ಸಿಕ್ಕಿತು. ನೀವೂ ಬಿಚ್ಚುವುದಾದರೆ ಮೊದಲು ಸ್ಕ್ರೂ ನೋಡಿ. ಅವರ ಫ್ರಿಜ್ಜಿನಲ್ಲಿ ಪ್ಲಾಸ್ಟಿಕ್ ಹಿಡಿದಿದ್ದ ಸ್ಕ್ರೂಗಳೇ ಬಾಗಿಲ ರಬ್ಬರನ್ನೂ ಹಿಡಿದಿದ್ದವು, ನಾವು ಅದನ್ನು ಗಮನಿಸಿದ್ದು ರಬ್ಬರು ಪೂರ್ತಿ ಕೈಗೆ ಬಂದ ಮೇಲೆ.