ಚಿತ್ರದ ಬೆನ್ನಿಗೆ ಎಂಥ ಮರ?

ಬಣ್ಣಕ್ಕೆ ಧಾರಾಳವಾಗಿ ದುಡ್ಡು ಸುರಿದು, ಕ್ಯಾನ್ವಾಸ್ ಬಿಗಿಯುವ ಮರದ ಪಟ್ಟಿಯಲ್ಲಿ ಜಿಪುಣತನ ಮಾಡಿದವನು ನಾನು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಂಡೆಗಳನ್ನು 3 ಅಡಿಗೆ 4 ಅಡಿಯ ಕ್ಯಾನ್ವಾಸಿನಲ್ಲಿ ಬರೆದಿದ್ದೆ. ಪಟ್ಟಿ ಅಂಗಡಿಯಿಂದ ತಂದದ್ದು, ಮುಕ್ಕಾಲು ಇಂಚು ದಪ್ಪ. ನಡುವೆ ಅಡ್ಡಪಟ್ಟಿ ಇರಲಿಲ್ಲ. ಬೇಸಿಗೆಯ ಹೊತ್ತಿಗೆ ಉದ್ದದ ಪಟ್ಟಿಗಳೆರಡೂ ಡಮರುಗದ ಸೊಂಟದಂತೆ ಒಳಕ್ಕೆ ಬಾಗಿದ್ದವು. ಒಂದು ಮೂಲೆ ಬೆರಳು ತೂರುವಷ್ಟು ಗೋಡೆ ಬಿಟ್ಟು ಎದ್ದಿತ್ತು. ದುರ್ಗದ ಬಿಸಿಲನ್ನು ಬೈದುಕೊಂಡೆ. ಆದರೆ ಹತ್ತಿಬಟ್ಟೆಗೆ ನೀರಿನ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ) ಬಳಿದರೆ ಅದು ಕುಗ್ಗಿ ಪಟ್ಟಿಯನ್ನು ಎಳೆಯುತ್ತದೆ. ತೆಳ್ಳನೆಯ ಮರ ಎಷ್ಟೆಂದು ತಡೆದೀತು?

ಅದಕ್ಕಿಂತ ಹೊಟ್ಟೆ ಉರಿಸಿದ್ದು ಚಿತ್ರದ ಆಕಾಶದಲ್ಲಿ ಮೂಡಿದ ಗೆರೆ. ಅಂಚಿನಿಂದ ಎರಡು ಇಂಚು ಒಳಗೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಪಟ್ಟಿಯ ಮೈ ಸಪಾಟಾಗಿತ್ತು. ಕುಂಚ ಒತ್ತಿದಾಗಲೆಲ್ಲ ಬಟ್ಟೆ ಅದರ ಒಳ ಅಂಚಿಗೆ ತಗುಲಿ ಗುರುತು ಬಿದ್ದಿತ್ತು. ಮೇಲೆ ಎಷ್ಟು ಬಣ್ಣ ಹಚ್ಚಿದರೂ ಅದು ಹೋಗಲಿಲ್ಲ.

ಈಗ ಟಿಂಬರ್ ಅಂಗಡಿಗೆ ನಾನೇ ಹೋಗುತ್ತೇನೆ. ಪಟ್ಟಿಯ ತುದಿಯನ್ನು ಕಣ್ಣಿಗೆ ಹಿಡಿದು, ಬಂದೂಕಿನಲ್ಲಿ ಗುರಿ ನೋಡುವಂತೆ ಉದ್ದಕ್ಕೂ ನೋಡುತ್ತೇನೆ. ತುಸು ಬಾಗಿದ್ದರೆ ಹೇಗೋ ಸರಿಮಾಡಬಹುದು, ತಿರುಚಿದ್ದರೆ ಬೇಡವೇ ಬೇಡ. ದೊಡ್ಡ ಗಂಟಿದ್ದರೂ ಬೇಡ. ತೇಗದ ಭಾರ, ಬೆಲೆ ಎರಡೂ ಅನಗತ್ಯ. ಚೆನ್ನಾಗಿ ಒಣಗಿದ ಪೈನ್ ಸಾಕು. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಹಸಿ ಸಿಲ್ವರ್ ಓಕ್ ತಂದೆ. ತಿಂಗಳೊಳಗೆ ಅದು ಹಾವಿನಂತೆ ಹೊರಳಿತು.

ಅಗಲ ಎರಡು ಇಂಚು, ದಪ್ಪ ಒಂದೂವರೆ. ಹೊರ ಅಂಚು ಎತ್ತರವಿದ್ದು, ಅಲ್ಲಿಂದ ಒಳಕ್ಕೆ ಇಳಿಜಾರಾಗಿರಬೇಕು. ‘ಕಿಟಕಿಯ ನೀರು ಇಳಿಯುವುದಕ್ಕೆ ಕೊಡುತ್ತೇವಲ್ಲ, ಹಾಗೆಯೇ ಸಾರ್?’ ಎಂದರು ಬಡಗಿ. ಹಾಗೆಯೇ ಎಂದೆ. ಮೂಲೆಗೆ ಅಂಟು, ಮೊಳೆ ಬೇಡ ಎಂದಾಗ ಮಾತ್ರ ಅವರ ಮುಖ ಸಣ್ಣದಾಯಿತು, ಕೆಲಸ ಅರ್ಧಕ್ಕೇ ಬಿಟ್ಟಂತೆ. ಬಟ್ಟೆ ಸಡಿಲಾದಾಗ ಮೂಲೆಯ ಸಂದಿಗೆ ಬೆಣೆ ಹೊಡೆದು ಬಿಗಿಮಾಡಲು ಮೂಲೆಗಳು ಅಲುಗಾಡಬೇಕು ಎಂದು ತೋರಿಸಿಯೇ ಒಪ್ಪಿಸಬೇಕಾಯಿತು. ನಡುವಿನ ಅಡ್ಡಪಟ್ಟಿಯನ್ನು ಬಟ್ಟೆಗೆ ತಾಗದಂತೆ ಹಿಂದಕ್ಕೆ ಕೂರಿಸಿದರು.

ಮೂಲೆಮಟ್ಟದ ಜೊತೆಗೆ ಟೇಪನ್ನೂ ಹಿಡಿಯುತ್ತೇನೆ. 36ಕ್ಕೆ 48 ಇಂಚಿನ ಚೌಕಟ್ಟಿನಲ್ಲಿ ಎರಡೂ ಕರ್ಣ 60 ಇಂಚು ಬರಬೇಕು. ಕಾಲಿಂಚು ವ್ಯತ್ಯಾಸವಿದ್ದರೂ ಬಟ್ಟೆ ಬಿಗಿದು ಪಿನ್ ಹೊಡೆಯುವುದಿಲ್ಲ. ಒಂದೂವರೆ ಅಡಿಯೊಳಗಿನ ಚಿತ್ರಕ್ಕೆ ಇಷ್ಟೆಲ್ಲ ರಗಳೆ ಮಾಡಿಕೊಳ್ಳದೆ ಅಂಗಡಿಯ ಪಟ್ಟಿಯನ್ನೇ ತರುತ್ತೇನೆ, ಇಳಿಜಾರು ಇದೆಯೇ ಎಂದು ಬೆರಳಾಡಿಸಿ ನೋಡಿ.

ಬೆಣೆ ಹೊಡೆದ ಮೇಲೆ ಅದರ ಮೇಲೊಂದು ಟೇಪ್ ಅಂಟಿಸುತ್ತೇನೆ. ಉದುರಿದ ಬೆಣೆ ಕೆಳಪಟ್ಟಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಂಡರೆ ಮುಂದೆ ಬೊಕ್ಕೆ ಎದ್ದಂತೆ ಕಾಣುತ್ತದೆ. ಅದೂ ನನ್ನ ಒಂದು ಚಿತ್ರಕ್ಕೆ ಆಗಿದೆ.